ವಾನಪ್ರಸ್ಥನ ಜಗಲಿ

ತಲೆಯ ಕೂದಲು ನರೆತು, ಮೈಯ ಚರ್ಮ ಸುಕ್ಕುಗಟ್ಟಿ, ಮಗನ ಮಗನ ಮುಖವನ್ನು ಕಂಡ ಮೇಲೆ ಗೃಹಸ್ಥನಾದವನು ಮನೆಯನ್ನು ಬಿಟ್ಟು ಅರಣ್ಯವನ್ನು ಆಶ್ರಯಿಸತಕ್ಕದ್ದೆಂದು ಮನುಸ್ಮೃತಿಯ ಆರನೆಯ ಅಧ್ಯಾಯ ವಿಧಿಸುತ್ತದೆ. ಪತ್ನಿಯನ್ನು ಮಕ್ಕಳ ವಶಕ್ಕೆ ಒಪ್ಪಿಸಿಯಾದರೂ ಹೋಗಬಹುದು, ಜೊತೆಯಲ್ಲಿ ಕರೆದುಕೊಂಡಾದರೂ ಹೋಗಬಹುದು ಎಂಬ ವಿಕಲ್ಪವನ್ನೂ ಅದು ಇಟ್ಟಿದೆ. ಆ ವಿಧಿಯನ್ನು ಅಕ್ಷರಶಃ ಪಾಲಿಸುವವರು ಇಂದು ಇಲ್ಲವೆಂದೇ ಹೇಳಬೇಕು. ಆದರೆ ಅದು ಎತ್ತಿದ ಪ್ರಶ್ನೆ ಮಾತ್ರ ಪ್ರತಿಯೊಂದು ಮನೆಯಲ್ಲಿಯೂ ಒಂದಲ್ಲ ಒಂದು ದಿನ ತಲೆಯೆತ್ತದೆ ಇರುವುದಿಲ್ಲ: ಸಂಸಾರದ ಭಾರವನ್ನು ಇಳಿಸಿದ ಮನುಷ್ಯನು ಉಳಿದ ಆಯುಷ್ಯವನ್ನು ಎಲ್ಲಿ, ಯಾರ ನಡುವೆ ಕಳೆಯಬೇಕು? 2011ರ ಜನಗಣತಿಯ ಕಾಲಕ್ಕೇ ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಅಷ್ಟು ಮಂದಿಯ ವಾಸದ ವಿಚಾರವನ್ನು ನಾವು ಹಣದ ಪ್ರಶ್ನೆ, ಔಷಧೋಪಚಾರದ ಪ್ರಶ್ನೆ, ಮಕ್ಕಳ ಉದ್ಯೋಗದ ಅನುಕೂಲ ಅನನುಕೂಲಗಳ ಪ್ರಶ್ನೆ ಎಂದು ಎಣಿಸಿ ಮುಗಿಸುತ್ತೇವೆ. ಅದು ಮೊದಲಿಗೆ ಧರ್ಮದ ಪ್ರಶ್ನೆಯೆಂದು ನನ್ನ ನಂಬಿಕೆ. ಆ ಪ್ರಶ್ನೆಗೆ ನಮ್ಮ ಪೂರ್ವಿಕರು ಕೊಟ್ಟ ಉತ್ತರವನ್ನು ನಾವು ಅರ್ಧ ಮಾತ್ರ ಕೇಳಿಸಿಕೊಂಡಿದ್ದೇವೆಂದೂ ನನಗೆ ತೋರುತ್ತದೆ.

ಕೇಳಿಸಿಕೊಂಡಿರುವ ಅರ್ಧವೆಂದರೆ ನಿವೃತ್ತಿಯ ಮಾತು. "ವಯಸ್ಸಾಯಿತು, ಇನ್ನು ಊರ ಗೊಡವೆ ಯಾಕೆ? ರಾಮಾ ಕೃಷ್ಣಾ ಅಂತ ಒಂದು ಕಡೆ ಕೂತಿರಬಾರದೆ?" ಎಂಬ ಮಾತನ್ನು ಕೇಳದ ವೃದ್ಧರು ನಮ್ಮ ನಾಡಿನಲ್ಲಿ ವಿರಳ. ಅದನ್ನು ಆಡುವವರು ಕಠಿನಹೃದಯರೇನೂ ಅಲ್ಲ. ಎಷ್ಟೋ ವೇಳೆ ಹಿರಿಯರ ಹಿತವನ್ನೇ ಬಯಸಿ, ಶಾಸ್ತ್ರದ ಸಮ್ಮತಿಯೂ ತಮ್ಮ ಕಡೆಗಿದೆಯೆಂಬ ಭಾವದಿಂದ ಆಡುತ್ತಾರೆ. ಭಗವದ್ಗೀತೆಯ ಹದಿಮೂರನೆಯ ಅಧ್ಯಾಯದಲ್ಲಿ ಜ್ಞಾನಸಾಧನಗಳನ್ನು ಎಣಿಸುವಾಗ ಏಕಾಂತಸ್ಥಳದ ಸೇವನೆಯೂ ಜನಸಮೂಹದಲ್ಲಿ ಅರುಚಿಯೂ ಆ ಎಣಿಕೆಯೊಳಗೆ ಬರುತ್ತವೆಂಬುದು ನಿಜ. ಹಾಗಾದರೆ, ಮಗ ಸೊಸೆಯರು ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋದ ಮೇಲೆ ರಾತ್ರಿ ಎಂಟರವರೆಗೆ ಏಳನೆಯ ಅಂತಸ್ತಿನ ಕೋಣೆಯೊಂದರಲ್ಲಿ ಒಬ್ಬಂಟಿಯಾಗಿ ಕುಳಿತಿರುವ ಮುದುಕನಿಗೆ ಗೀತೆಯ ಆದರ್ಶ ಅನಾಯಾಸವಾಗಿ ಕೈಗೂಡಿತೆಂದು ಹೇಳೋಣವೇ?

ಹಾಗೆ ಹೇಳಬಾರದೆಂಬುದಕ್ಕೆ ಆ ಎಣಿಕೆಯೇ ಸಾಕ್ಷಿಯಾಗಿದೆ. ಅದರ ಆರಂಭಭಾಗದಲ್ಲಿಯೇ ಆಚಾರ್ಯೋಪಾಸನೆ ಸೇರಿದೆ. ಆಚಾರ್ಯನ ಸನ್ನಿಧಿಗೆ ಹೋಗಿ ಶುಶ್ರೂಷೆ ಮಾಡಬೇಕಾದವನು ಜನಶೂನ್ಯವಾದ ಎಡೆಯಲ್ಲಿ ಇರಲಾರನು. ಇದಕ್ಕಿಂತಲೂ ಮಿಗಿಲಾದದ್ದು ಶಂಕರಭಗವತ್ಪಾದರು ಆ ಸ್ಥಳದಲ್ಲಿ ಮಾಡಿರುವ ವಿವರಣೆ. ಜನಸಮೂಹದಲ್ಲಿ ಅರುಚಿಯೆಂದಾಗ ಸಂಸ್ಕಾರವಿಲ್ಲದ, ವಿನಯವಿಲ್ಲದ ಜನರ ಕೂಟವನ್ನು ಮಾತ್ರ ತಿಳಿಯಬೇಕು. ಸಂಸ್ಕಾರವಂತರ ಕೂಟವಾದರೋ ಜ್ಞಾನಕ್ಕೆ ಉಪಕಾರಕವಾದ್ದರಿಂದ ಅದು ತ್ಯಾಜ್ಯವಲ್ಲವೆಂದು ಅವರು ತಮ್ಮ ಭಾಷ್ಯದಲ್ಲಿ ಸ್ಪಷ್ಟಪಡಿಸಿದ್ದಾರೆ. ಸರ್ವಸಂಗಪರಿತ್ಯಾಗವನ್ನು ಬೋಧಿಸಿದ ಆಚಾರ್ಯರೇ ಇಷ್ಟು ಎಚ್ಚರಿಕೆಯಿಂದ ಗೆರೆಯೆಳೆದಿರುವಾಗ, ಸಂಸಾರಿಗಳಾದ ನಾವು ಆ ಗೆರೆಯನ್ನು ಅಳಿಸಿಹಾಕಿ ಮುಪ್ಪಿನವರಿಗೆ ಮೌನವನ್ನು ವಿಧಿಸುವುದು ಯಾವ ನ್ಯಾಯ? ಸಾಧಕನ ಏಕಾಂತವು ಒಳಗಿನಿಂದ ಹಾಕಿಕೊಂಡ ಅಗುಳಿಯಂಥದು. ಬೇಕಾದಾಗ ಅವನೇ ತೆಗೆಯಬಲ್ಲನು. ಪರಿತ್ಯಕ್ತನ ಏಕಾಂತ ಹೊರಗಿನಿಂದ ಹಾಕಿದ ಚಿಲಕ. ಎರಡರಲ್ಲಿಯೂ ಕೋಣೆ ಒಂದೇ ತೆರನಾಗಿ ಕಾಣುವುದರಿಂದ ನಾವು ಮೋಸಹೋಗುತ್ತೇವೆ.

ಇನ್ನು ವಾನಪ್ರಸ್ಥವೆಂದರೆ ಏನೆಂಬುದನ್ನು ಸೂತ್ರಗಳಲ್ಲಿ ಹುಡುಕುವುದಕ್ಕಿಂತ ಕಥೆಯಲ್ಲಿ ನೋಡುವುದು ಮೇಲು. ಮಹಾಭಾರತದ ಆಶ್ರಮವಾಸಿಕಪರ್ವ ಕನ್ನಡಿಗರ ಕಿವಿಗೆ ಅಷ್ಟಾಗಿ ಬಿದ್ದಿಲ್ಲ. ಮಳೆಗಾಲದ ರಾತ್ರಿಗಳಲ್ಲಿ ನಮ್ಮ ಹಳ್ಳಿಯ ಮನೆಗಳಲ್ಲಿ ಓದುತ್ತಿದ್ದದ್ದು ಗದುಗಿನ ಭಾರತ. ಕುಮಾರವ್ಯಾಸನು ಹತ್ತನೆಯದಾದ ಗದಾಪರ್ವಕ್ಕೆ ತನ್ನ ಕಾವ್ಯವನ್ನು ನಿಲ್ಲಿಸಿದನು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣಕವಿಯು ಕನ್ನಡಕ್ಕೆ ತಂದು ಪೂರೈಸಿದನಾದರೂ, ಯುದ್ಧ ಮುಗಿದ ಮೇಲಿನ ಕಥೆಗೆ ಗಮಕಿಯೂ ಶ್ರೋತೃಗಳೂ ಅಷ್ಟು ಉತ್ಸಾಹ ತೋರಿದಂತೆ ಕಾಣುವುದಿಲ್ಲ. ಗೆದ್ದವರ ಮನೆಯಲ್ಲಿ ಸೋತ ಮುದುಕನು ಹೇಗೆ ಬಾಳಿದನೆಂಬ ಸಂಗತಿ ಅಲ್ಲಿದೆ. ಯುಧಿಷ್ಠಿರನು ಧೃತರಾಷ್ಟ್ರನನ್ನು ಹದಿನೈದು ವರ್ಷಗಳ ಕಾಲ ಮೊದಲಿನ ಮರ್ಯಾದೆಗೆ ಕುಂದಿಲ್ಲದಂತೆ ನೋಡಿಕೊಂಡನು. ಹಾಸಿಗೆ, ವಸ್ತ್ರ, ಭಕ್ಷ್ಯಭೋಜ್ಯ, ದಾನಕ್ಕೆ ದ್ರವ್ಯ, ಯಾವುದಕ್ಕೂ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಒಂದೇ: ಭೀಮಸೇನನ ಮನಸ್ಸು ತಿಳಿಯಾಗಲಿಲ್ಲ. ಅವನು ಒಂದು ದಿನ ಗೆಳೆಯರ ನಡುವೆ ತೋಳು ತಟ್ಟಿಕೊಂಡು, ಈ ತೋಳುಗಳೇ ಕುರುಡನ ಮಕ್ಕಳನ್ನು ಮುಗಿಸಿದ್ದೆಂಬ ಅರ್ಥದ ಮಾತನ್ನು ಮುದುಕನ ಕಿವಿಗೆ ಬೀಳುವಂತೆ ಆಡಿದನು. ಧೃತರಾಷ್ಟ್ರನು ಯಾರ ಮೇಲೂ ದೂರು ಹೇಳಲಿಲ್ಲ. ಅದಾಗಲೇ ಗುಟ್ಟಾಗಿ ಊಟವನ್ನು ಕಡಮೆಮಾಡಿ ನೆಲದ ಮೇಲೆ ಮಲಗುವ ವ್ರತವನ್ನು ಹಿಡಿದಿದ್ದ ಅವನು, ಕಾಡಿಗೆ ಹೋಗಲು ಅನುಮತಿ ಬೇಡಿದನು.

ಅನ್ನವಸ್ತ್ರಗಳಿಗೆ ಕೊರತೆಯಿಲ್ಲದ ಮನೆಯಲ್ಲಿಯೂ ಹಿರಿಯರು ಇರಲಾರದೆ ಹೋಗುವುದುಂಟೆಂಬುದನ್ನು ವ್ಯಾಸರು ಇಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ, ಇದನ್ನು ಓದಿದ ಮೇಲೂ "ಅವರಿಗೆ ಇಲ್ಲಿ ಏನು ಕಡಮೆಯಾಗಿದೆ?" ಎಂದು ನಾವು ಕೇಳುತ್ತಲೇ ಇದ್ದೇವೆ. ಆದರೆ ನಾನು ಹೇಳಹೊರಟಿರುವುದು ಆ ಹೊರಡುವಿಕೆಯ ರೀತಿಯನ್ನು ಕುರಿತು. ಕಾರ್ತಿಕ ಹುಣ್ಣಿಮೆಯ ದಿನ ಅವರು ಹಸ್ತಿನಾವತಿಯನ್ನು ಬಿಟ್ಟರು. ಎಲ್ಲರಿಗಿಂತ ಮುಂದೆ ಕುಂತಿ. ಅವಳ ಹೆಗಲ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಗಾಂಧಾರಿಯ ಕೈ. ಗಾಂಧಾರಿಯ ಹೆಗಲ ಮೇಲೆ ಧೃತರಾಷ್ಟ್ರನ ಕೈ. ಕುಂತಿಯನ್ನು ಯಾರೂ ಹೋಗೆಂದಿರಲಿಲ್ಲ. ಅವಳ ಮಕ್ಕಳು ಚಕ್ರವರ್ತಿಗಳಾಗಿದ್ದರು. ಊರಾಚೆಯವರೆಗೂ ಹಿಂಬಾಲಿಸಿ, ಕಾಲಿಗೆ ಬಿದ್ದು, ಹಿಂದಕ್ಕೆ ಬಾರೆಂದು ಕರೆದರು. ದ್ರೌಪದಿ ಸುಭದ್ರೆಯರು ಅಳುತ್ತ ಹಿಂದೆ ನಡೆದರು. ಮಕ್ಕಳು ಗೆದ್ದ ರಾಜ್ಯದ ಭೋಗ ತನಗೆ ಬೇಕಿಲ್ಲವೆಂದು ಹೇಳಿ ಅವಳು ಮುಂದೆ ನಡೆದಳು. ಮುಪ್ಪಿನಲ್ಲಿ ತಾನು ಯಾರ ಜೊತೆ ಇರಬೇಕೆಂಬುದನ್ನು ತಾನೇ ಆರಿಸಿಕೊಂಡ ಒಬ್ಬ ಹೆಂಗಸಿನ ಚಿತ್ರ ನಮ್ಮ ಪುರಾತನ ಸಾಹಿತ್ಯದಲ್ಲಿ ಇದಕ್ಕಿಂತ ದೃಢವಾಗಿ ಇನ್ನೊಂದು ಕಡೆ ಇರುವುದನ್ನು ನಾನು ಕಂಡಿಲ್ಲ.

ಅವರು ಹೋಗಿ ಸೇರಿದ ಅರಣ್ಯ ಎಂಥದು? ವಿದುರನೂ ಸಂಜಯನೂ ಜೊತೆಗಿದ್ದರು. ಕುರುಕ್ಷೇತ್ರದಲ್ಲಿ ಶತಯೂಪನೆಂಬ ರಾಜರ್ಷಿಯ ಆಶ್ರಮವಿತ್ತು. ಅವನೂ ಕೇಕಯದೇಶವನ್ನು ಆಳಿ, ಮಗನಿಗೆ ರಾಜ್ಯವನ್ನು ಕೊಟ್ಟು ಬಂದವನು. ಅವನ ಬಳಿಯಲ್ಲಿ ಇವರು ನೆಲೆಸಿ, ಅರಣ್ಯವಾಸದ ವಿಧಿಗಳನ್ನು ಅವನಿಂದಲೇ ಕಲಿತರು. ಋಷಿಗಳು ಬರುತ್ತಿದ್ದರು, ಕಥೆಗಳು ನಡೆಯುತ್ತಿದ್ದವು. ಕೆಲಕಾಲದ ಮೇಲೆ ಪಾಂಡವರು ಪರಿವಾರದೊಡನೆ, ಊರವರೊಡನೆ ಬಂದು ತಿಂಗಳಿಗೂ ಮೀರಿ ಅಲ್ಲಿ ತಂಗಿದ್ದರು. ಇದನ್ನೆಲ್ಲ ನೋಡಿದರೆ ವಾನಪ್ರಸ್ಥನು ಬಿಡುವುದು ಒಡೆತನವನ್ನು, ಆಜ್ಞೆಮಾಡುವ ಹಕ್ಕನ್ನು, ಭಂಡಾರದ ಬೀಗದ ಕೈಯನ್ನು, ಮನುಷ್ಯಸಹವಾಸವನ್ನಲ್ಲವೆಂಬುದು ತಿಳಿಯುತ್ತದೆ. ಸಹವಾಸ ಮಾರ್ಪಡುತ್ತದೆ, ನಿಜ. ಅಧಿಕಾರಕ್ಕಾಗಿ ಸುತ್ತ ನಿಂತಿದ್ದವರು ಹೋಗಿ, ತನ್ನಂತೆಯೇ ಭಾರವಿಳಿಸಿ ಬಂದವರು ಹತ್ತಿರವಾಗುತ್ತಾರೆ. ಒಳ್ಳೆಯವರ ಸ್ನೇಹ ಬ್ರಹ್ಮಚರ್ಯದ ಅರ್ಧಭಾಗವಲ್ಲವೇ ಎಂದು ಆನಂದನು ಕೇಳಿದಾಗ, ಅರ್ಧವಲ್ಲ, ಪೂರ್ಣವೇ ಅದು ಎಂಬ ಭಾವದ ಉತ್ತರವನ್ನು ಬುದ್ಧದೇವನು ಕೊಟ್ಟನೆಂದು ಬೌದ್ಧಾಗಮದಲ್ಲಿಯೂ ಹೇಳಿದೆ. ಅರಣ್ಯವಾಸ, ಭಿಕ್ಷುವಾಸಗಳನ್ನು ಕಲ್ಪಿಸಿದವರೆಲ್ಲರೂ ನೆರೆಹೊರೆಯನ್ನು ಕಲ್ಪಿಸಿಯೇ ಕಲ್ಪಿಸಿದರು.

ಈ ದೃಷ್ಟಿಯಿಂದ ನಮ್ಮ ಹಳೆಯ ಮನೆಗಳ ರಚನೆಯನ್ನು ನೋಡಿದರೆ, ಕಾಡಿಗೆ ಹೋಗಲಾರದ ವೃದ್ಧರಿಗಾಗಿ ಬೀದಿಗೂ ಒಳಮನೆಗೂ ನಡುವೆ ಒಂದು ಸಣ್ಣ ತಪೋವನವನ್ನೇ ಕಟ್ಟಿದ್ದರೇನೋ ಎನಿಸುತ್ತದೆ. ಅದೇ ಜಗಲಿ. ಮೊಳಕ್ಕೆ ತುಸು ಹೆಚ್ಚು ಎತ್ತರ, ಒಬ್ಬನು ಕಾಲು ಚಾಚಿ ಮಲಗುವಷ್ಟು ಅಗಲ, ಗೋಡೆಯ ಕಡೆಗೆ ಬೆನ್ನು ಒರಗಿಸಲು ಇಳಿಜಾರಾದ ಒಂದು ದಿಂಡು, ಮಾಡನ್ನು ಹೊತ್ತ ಮರದ ಕಂಬಗಳು. ಅದು ಮನೆಯವರ ಸೊತ್ತು. ಆದರೆ ಅಲ್ಲಿ ಬಂದು ಕೂರುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಎದ್ದುಹೋಗುವುದಕ್ಕೆ ಹೇಳಿಹೋಗಬೇಕೆಂಬ ಉಪಚಾರವೂ ಇರಲಿಲ್ಲ. ಹಾಲು ಹಾಕುವವನು, ಸಂತೆಗೆ ಹೊರಟವನು, ಶಾಲೆಯಿಂದ ಬರುವ ಹುಡುಗರು, ಪಂಚಾಂಗ ಕೇಳಬಂದವರು, ಸುಮ್ಮನೆ ಬಿಸಿಲಿಗೆ ನಿಂತವರು, ಎಲ್ಲರೂ ಅಜ್ಜನ ಕಣ್ಣಿಗೆ ಬೀಳುತ್ತಿದ್ದರು. ಅಜ್ಜನೂ ಅವರ ಕಣ್ಣಿಗೆ ಬೀಳುತ್ತಿದ್ದನೆಂಬುದು ಅಷ್ಟೇ ಮುಖ್ಯ. ಭೇಟಿಗೆ ಸಮಯವನ್ನು ಗೊತ್ತುಮಾಡಿಕೊಂಡು, ಹಣ್ಣು ಹಿಡಿದು ಬಂದು, ಅರ್ಧ ಗಂಟೆ ಕುಳಿತು ಹೋಗುವ ನೆಂಟನಿಂದ ದೊರೆಯದ ಒಂದು ಸಮಾಧಾನ, ಕಾರಣವಿಲ್ಲದೆ ದಿನಕ್ಕೆ ಹತ್ತು ಸಲ ಹಾದುಹೋಗುವವರ ಎರಡೆರಡು ಮಾತುಗಳಿಂದ ದೊರೆಯುತ್ತದೆ. ತನ್ನ ಇರವು ಲೋಕದ ದಿನಚರಿಯಲ್ಲಿ ಇನ್ನೂ ಹೆಣೆದುಕೊಂಡಿದೆಯೆಂಬ ಅರಿವು ಅದು.

ಇದನ್ನು ಪೂರ್ತಿ ಹೊಗಳಿ ಬಿಟ್ಟುಬಿಡುವುದು ಸತ್ಯಕ್ಕೆ ಅಪಚಾರವಾದೀತು. ಅಗ್ರಹಾರದ ಜಗಲಿಗೆ ಎಲ್ಲ ಜಾತಿಯವರೂ ಏರುವಂತಿರಲಿಲ್ಲ. ಅರಳಿಕಟ್ಟೆ ಗಂಡಸರ ರಾಜ್ಯವಾಗಿತ್ತು. ತಲೆಬೋಳಿಸಿದ ವಿಧವೆಯೊಬ್ಬಳು ಬೀದಿಯ ಜಗಲಿಯಲ್ಲಿ ಕುಳಿತು ಮಾತನಾಡುವುದನ್ನು ಆ ಕಾಲ ಸಹಿಸುತ್ತಿರಲಿಲ್ಲ. ಅವಳ ಪಾಲಿಗೆ ಹಿತ್ತಿಲು, ಬಾವಿಕಟ್ಟೆ, ನಡುಹಗಲಿನ ಹೊತ್ತು ಬತ್ತಿ ಹೊಸೆಯುತ್ತ ಕೂರುವ ಹಿಂದಿನ ಪಡಸಾಲೆ ಉಳಿದಿತ್ತು. ಒಂದು ಜಗಲಿಯ ಮೇಲೆ ಸತ್ಸಂಗ ನಡೆಯುವಾಗ ಅದರ ಕೆಳಗೆ ನಿಂತವನಿಗೆ ಕೂರೆಂದು ಹೇಳದೆ ಇದ್ದದ್ದು ಆ ಸತ್ಸಂಗದ ದೋಷವೇ ಹೊರತು ನಿಂತವನ ದೋಷವಲ್ಲ. ಆದ್ದರಿಂದ ಹಳೆಯದನ್ನು ಹಾಗೆಯೇ ಮತ್ತೆ ಕಟ್ಟಿರೆಂದು ನಾನು ಹೇಳಲಾರೆ. ಯಾರು ಬಂದರೂ ಕೂರಬಹುದಾದ ಜಗಲಿಯನ್ನು ಈ ಕಾಲ ಕಟ್ಟಬಲ್ಲುದು, ಕಟ್ಟಬೇಕು ಎನ್ನುವೆ.

ಬೆಂಗಳೂರಿನ ಹಳೆಯ ಬಡಾವಣೆಯೊಂದರ ವಠಾರದಲ್ಲಿ ನಮ್ಮ ದೊಡ್ಡಮ್ಮ ಬಹುಕಾಲ ಇದ್ದರು. ಎದುರುಬದುರಾಗಿ ಎರಡು ಸಾಲು ಸಣ್ಣ ಮನೆಗಳು, ನಡುವೆ ಕಲ್ಲು ಹಾಸಿದ ಅಂಗಳ, ಕೊನೆಯಲ್ಲಿ ಎಲ್ಲರಿಗೂ ಒಂದೇ ನಲ್ಲಿ. ಆ ನಲ್ಲಿಯ ಮುಂದೆ ಜಗಳವಾಗದ ದಿನವಿರಲಿಲ್ಲ. ಮನೆಯ ಗೋಡೆಗಳು ಎಷ್ಟು ತೆಳುವೆಂದರೆ ಒಬ್ಬರ ಕೆಮ್ಮು ಇನ್ನೊಬ್ಬರ ನಿದ್ದೆಯನ್ನು ಕೆಡಿಸುತ್ತಿತ್ತು. ದೊಡ್ಡಪ್ಪ ತೀರಿಕೊಂಡ ಮೇಲೆ ಒಬ್ಬರೇ ಇದ್ದ ದೊಡ್ಡಮ್ಮ ದಿನವೂ ಬೆಳಕು ಹರಿಯುವ ಮುನ್ನ ಬಾಗಿಲ ಮುಂದೆ ನೀರು ಚಿಮುಕಿಸಿ ರಂಗೋಲಿ ಇಡುತ್ತಿದ್ದರು. ಒಂದು ಬೆಳಿಗ್ಗೆ ಏಳು ಹೊಡೆದರೂ ಅಲ್ಲಿ ರಂಗೋಲಿ ಕಾಣದಿದ್ದಾಗ, ಎದುರುಮನೆಯ ಹೆಂಗಸು, ಹಿಂದಿನ ಸಂಜೆ ನೀರಿನ ಸರದಿಗಾಗಿ ಇವರೊಡನೆ ಮಾತು ಬಿಟ್ಟಿದ್ದವಳೇ, ಬಂದು ಬಾಗಿಲು ಬಡಿದಳು. ಜ್ವರದಿಂದ ಏಳಲಾರದೆ ಮಲಗಿದ್ದವರಿಗೆ ಗಂಜಿ ಕಾಯಿಸಿಕೊಟ್ಟು, ಮಗನಿಗೆ ಹೇಳಿಕಳುಹಿಸಿದವಳೂ ಅವಳೇ. ಆಮೇಲೆ ವಠಾರವನ್ನು ಕೆಡವಿದರು. ಮಗನು ತಾಯಿಯನ್ನು ತನ್ನ ಅಪಾರ್ಟ್‌ಮೆಂಟಿಗೆ ಕರೆದೊಯ್ದು, ಬಿಸಿಲು ಬರುವ ಕೋಣೆಯನ್ನು ಅವರಿಗೆಂದೇ ಬಿಟ್ಟುಕೊಟ್ಟು, ಜಾರದ ನೆಲ, ಹಿಡಿದುಕೊಳ್ಳಲು ಕಂಬಿ, ಹೊತ್ತುಹೊತ್ತಿಗೆ ಮಾತ್ರೆ, ಎಲ್ಲವನ್ನೂ ಅಕ್ಕರೆಯಿಂದ ಒದಗಿಸಿದನು. ಅಲ್ಲಿ ಬಾಗಿಲ ಮುಂದಿನ ರಂಗೋಲಿ ಅಂಟಿಸಿದ ಪ್ಲಾಸ್ಟಿಕ್ಕಿನದು. ಅದು ಯಾವ ದಿನವೂ ತಪ್ಪುತ್ತಿರಲಿಲ್ಲವಾದ್ದರಿಂದ ಯಾರಿಗೂ ಏನನ್ನೂ ಹೇಳುತ್ತಿರಲಿಲ್ಲ. "ಇಲ್ಲಿ ಎಲ್ಲಾ ಅನುಕೂಲ ಇದೆ ಕಣಪ್ಪ. ಆದರೆ ಬಾಗಿಲು ತೆಗೆದರೆ ಯಾರೂ ಇರೋದಿಲ್ಲ" ಎಂದು ದೊಡ್ಡಮ್ಮ ನನ್ನೊಡನೆ ಹೇಳಿದರು. ಕೆಲವು ದಿನಗಳಲ್ಲಿ ಅವರೇ ಒಂದು ದಾರಿಯನ್ನು ಕಂಡುಕೊಂಡರು. ಲಿಫ್ಟಿನಲ್ಲಿ ಇಳಿದುಹೋಗಿ, ಗೇಟಿನ ಕಾವಲುಗಾರನ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸಿಕೊಂಡು ಸಂಜೆಯವರೆಗೆ ಕೂರತೊಡಗಿದರು. ಆ ಕಾವಲುಗಾರನು ಒಡಿಶಾದ ಕಡೆಯವನು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಅವನ ಮಗಳಿಗೆ ಹಲ್ಲು ಬಂದದ್ದು, ಸೊಪ್ಪಿನವಳ ಗಂಡನ ಕಾಲುನೋವು, ಮೂರನೆಯ ಅಂತಸ್ತಿನ ಹುಡುಗನ ಪರೀಕ್ಷೆ, ಎಲ್ಲವೂ ತಿಂಗಳೊಪ್ಪತ್ತಿನಲ್ಲಿ ಅವರಿಗೆ ತಿಳಿದಿದ್ದವು. ಅದುವರೆಗೆ ಜಪದಲ್ಲಿ ಮನಸ್ಸು ನಿಲ್ಲುವುದಿಲ್ಲವೆನ್ನುತ್ತಿದ್ದವರು, ಸಂಜೆ ಮೇಲಕ್ಕೆ ಬಂದು ಕೈಕಾಲು ತೊಳೆದು ಕುಳಿತರೆ ಜಪ ತಾನಾಗಿ ಸಾಗುತ್ತದೆಂದರು. ಜನರ ನಡುವೆ ಕಳೆದ ಹಗಲು ಅವರ ಏಕಾಂತವನ್ನು ಕೆಡಿಸಲಿಲ್ಲ, ಅದನ್ನು ಸಾಧ್ಯವಾಗಿಸಿತು.

ನಗರದಲ್ಲಿ ಹೀಗಾದರೆ ಮಲೆನಾಡಿನ ಕಷ್ಟ ಬೇರೆ ಬಗೆಯದು, ನನ್ನ ಮಟ್ಟಿಗೆ ಇದಕ್ಕಿಂತ ಗಹನವಾದದ್ದು. ಬಯಲುಸೀಮೆಯ ಊರು ಒತ್ತಟ್ಟಿಗೆ ಕೂಡಿಕೊಂಡಿರುತ್ತದೆ. ಗೋಡೆಗೆ ಗೋಡೆ ತಾಗಿದ ಮನೆಗಳ ಸಾಲಿನಿಂದ ಹೊರಕ್ಕೆ ಕಾಲಿಟ್ಟರೆ ಬೀದಿ. ಸಾಗರ, ಸಿರ್ಸಿ, ತೀರ್ಥಹಳ್ಳಿ, ಶೃಂಗೇರಿಗಳ ಕಡೆಗಾದರೋ ಅಡಕೆಯ ತೋಟ ಕಣಿವೆಯಲ್ಲಿ, ಮನೆ ತೋಟದ ತಲೆಯಲ್ಲಿ. ಮುಂದಿನ ಮನೆ ಗುಡ್ಡದ ಆಚೆ. ಇಪ್ಪತ್ತು ಜನರ ಕುಟುಂಬವೂ ಕೆಲಸದಾಳುಗಳೂ ಇದ್ದ ಕಾಲದಲ್ಲಿ ಒಂಟಿಮನೆಯೇ ಒಂದು ಊರಾಗಿತ್ತು. ಈಗ ಆ ದೊಡ್ಡ ಮನೆಯಲ್ಲಿ ವೃದ್ಧದಂಪತಿಗಳಿಬ್ಬರು, ಒಂದು ನಾಯಿ, ದೂರದೇಶದಲ್ಲಿರುವ ಮಗನು ನೋಡುವ ಕ್ಯಾಮೆರಾ. ಪೇಟೆಯಲ್ಲಿ ನಾಲ್ಕು ಜನರ ನಡುವೆ ಒಂದು ಸಣ್ಣ ಮನೆ ಮಾಡಿಕೊಂಡು ಇರಬಾರದೆ ಎಂದು ಕೇಳಿದರೆ ಅವರು ಕೊಡುವ ಉತ್ತರ ಭತ್ತ ಅಡಕೆಗಳ ಉತ್ತರವಲ್ಲ: "ದೇವರಿಗೆ ದೀಪ ಹಚ್ಚುವವರು ಯಾರು?" ನಾಲ್ಕು ತಲೆಮಾರಿನಿಂದ ಆರದೆ ಬಂದ ನಂದಾದೀಪವನ್ನು ತಮ್ಮ ಕಾಲದಲ್ಲಿ ಆರಗೊಡುವುದು ಅವರಿಗೆ ಪ್ರಾಣಸಂಕಟ. ಈ ಉತ್ತರವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರು ಅವರ ಅಂತರಂಗವನ್ನು ತಿಳಿಯಲಾರರು. ಅದನ್ನು ಅದರ ನೆಲೆಯಲ್ಲಿಯೇ ನಿಂತು ವಿಚಾರಿಸಬೇಕು.

ಹಾಗೆ ವಿಚಾರಿಸಿದರೆ, ಆ ಸಂಪ್ರದಾಯದೊಳಗೇ ಬಿಡುಗಡೆಯ ದಾರಿಯೂ ಇದೆಯೆಂದು ನನಗೆ ತೋರುತ್ತದೆ. ಮನೆಯ ದೇವರಪೆಟ್ಟಿಗೆಯಲ್ಲಿರುವ ಸಾಲಿಗ್ರಾಮ, ಬಾಣಲಿಂಗ, ಪಂಚಾಯತನದ ಕಲ್ಲುಗಳು ಪೂಜಕನನ್ನು ಹಿಂಬಾಲಿಸತಕ್ಕವು. ಪ್ರವಾಸ ಹೊರಟವನು ಸಂಪುಟವನ್ನು ಕೂಡ ಒಯ್ದು ದಾರಿಯಲ್ಲಿ ಪೂಜೆ ಸಲ್ಲಿಸಿದ ಉದಾಹರಣೆಗಳು ನಮ್ಮ ಹಿರಿಯರ ಬಾಳಿನಲ್ಲಿ ಎಷ್ಟೋ ಇವೆ. ನೆಲಕ್ಕೆ ಅಂಟಿದ ದೇವತೆಗಳಾದ ನಾಗ, ಚೌಡಿ, ಭೂತಗಳು ನಿತ್ಯಪೂಜೆಯನ್ನು ಬೇಡುವವಲ್ಲ. ವರ್ಷಕ್ಕೊಮ್ಮೆಯೋ ಎರಡು ಸಲವೋ ಕುಟುಂಬದವರು ಕೂಡಿ ಹೋಗಿ ತನು ಹಾಕಿ, ಹರಕೆ ಒಪ್ಪಿಸಿ ಬಂದರೆ ಅವು ತೃಪ್ತಿಪಡುತ್ತವೆಂದು ಹಳ್ಳಿಯವರೇ ಹೇಳುತ್ತಾರೆ. ವೀರಶೈವರಲ್ಲಿಯಂತೂ ಇಷ್ಟಲಿಂಗ ಅಂಗದ ಮೇಲೆಯೇ ಇದೆ. ಹನ್ನೆರಡನೆಯ ಶತಮಾನದ ಶರಣರು ದೇವರನ್ನು ಸ್ಥಾವರದಿಂದ ಬಿಡಿಸಿ ಭಕ್ತನ ಅಂಗೈಗೆ ತಂದದ್ದರಲ್ಲಿ, ಭಕ್ತನೂ ಸ್ಥಾವರವಾಗಿ ಒಂದು ಗೋಡೆಗೆ ಕಟ್ಟುಬೀಳಬಾರದೆಂಬ ಕಾರುಣ್ಯವಿತ್ತು. ಮನೆದೇವರು ಮನುಷ್ಯನಿಗೆ ಕಾವಲಾಗಿ ಬಂದದ್ದು. ಜಾರಿಬಿದ್ದರೆ ಎತ್ತುವವರಿಲ್ಲದ ಮನೆಯಲ್ಲಿ ಎಂಬತ್ತರ ಮುದುಕಿಯನ್ನು ತನ್ನ ದೀಪಕ್ಕೆ ಕಾವಲಿಡುವಷ್ಟು ನಿಷ್ಕರುಣಿಯಾದ ದೇವರನ್ನು ನಮ್ಮ ಹಿರಿಯರು ಪೂಜಿಸಲಿಲ್ಲ. ಹೀಗೆ ತಿಳಿದು ಕೆಲವರು ತೋಟವನ್ನು ಗೇಣಿಗೋ ನೆಂಟರಿಗೋ ಒಪ್ಪಿಸಿ, ದೇವರಪೆಟ್ಟಿಗೆಯೊಡನೆ ಪೇಟೆಯ ರಥಬೀದಿಯ ಪಕ್ಕಕ್ಕೋ ಮಠದ ಹತ್ತಿರಕ್ಕೋ ಬಂದು ನೆಲೆಸಿ, ಸಂಜೆಯ ಪುರಾಣಕ್ಕೆ ನಡೆದುಹೋಗುತ್ತಿರುವುದನ್ನು ನಾನು ಕಂಡಿದ್ದೇನೆ. ಉಡುಪಿಯ ರಥಬೀದಿಯಲ್ಲಿ ಸಂಜೆಯ ಹೊತ್ತು ಅಷ್ಟಮಠಗಳ ಮುಂದಿನ ಕಟ್ಟೆಗಳನ್ನು ನೋಡಿದವರಿಗೆ ಇದನ್ನು ಹೆಚ್ಚಾಗಿ ವರ್ಣಿಸಬೇಕಾಗಿಲ್ಲ. ಕ್ಷೇತ್ರವಾಸವೆಂದು ಹಿಂದಿನವರು ಹೇಳುತ್ತಿದ್ದದ್ದರಲ್ಲಿ ದೇವರ ಸಾಮೀಪ್ಯ ಎಷ್ಟಿತ್ತೋ, ದೇವರನ್ನು ನೋಡಬಂದವರ ಸಾಮೀಪ್ಯವೂ ಅಷ್ಟೇ ಇತ್ತು.

ಮಕ್ಕಳಾಗಲಿ ನೆಲೆಯಾಗಲಿ ಇಲ್ಲದವರ ವಿಷಯವನ್ನು ರಾಜ್ಯ ವಹಿಸಿಕೊಳ್ಳಬೇಕು. 2007ರಲ್ಲಿ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ ಸಂಸತ್ತು ಮಾಡಿದ ಕಾನೂನಿನಲ್ಲಿ, ಜಿಲ್ಲೆಗೊಂದಾದರೂ ವೃದ್ಧಾಶ್ರಮವಿರಬೇಕು, ಅದರಲ್ಲಿ ಕಡಮೆಯೆಂದರೆ 150 ಮಂದಿ ನಿರ್ಗತಿಕರಿಗೆ ಎಡೆಯಿರಬೇಕು ಎಂಬ ಮಾತಿದೆ. ಉದ್ದೇಶ ಸ್ತುತ್ಯವೇ ಸರಿ. ಆದರೆ ಒಂದೇ ಸೂರಿನಡಿ 150 ಹಾಸಿಗೆಗಳನ್ನು ಸಾಲಾಗಿ ಹಾಕಿದರೆ ಅದು ಛತ್ರವಾದೀತೇ ಹೊರತು ನೆರೆಹೊರೆಯಾಗಲಾರದು. ತನ್ನದೆಂಬ ಒಂದು ಬಾಗಿಲು, ತನ್ನ ಕೈಯಿಂದ ಹಚ್ಚುವ ಒಂದು ಒಲೆ, ಅದರ ಹೊರಗೆ ಎಲ್ಲರದೂ ಆದ ಒಂದು ಅಂಗಳ, ಇವಿಷ್ಟಿದ್ದರೆ ಮನುಷ್ಯನ ಮಾನವೂ ಉಳಿಯುತ್ತದೆ, ಸ್ನೇಹವೂ ಬೆಳೆಯುತ್ತದೆ. ಯುರೋಪಿನಲ್ಲಿ ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಪ್ರಾಂತದಲ್ಲಿ ಬೆಗೀನರೆಂಬ ಕ್ರೈಸ್ತ ಸ್ತ್ರೀಯರು ಮಧ್ಯಯುಗದಲ್ಲಿ ಕಟ್ಟಿಕೊಂಡ ವಸತಿಗಳು ಈ ಬಗೆಯವು. ಸನ್ಯಾಸಿನಿಯರಂತೆ ಆಜೀವವ್ರತವನ್ನು ತೊಡದೆ, ಸಂಸಾರವನ್ನೂ ಕಟ್ಟಿಕೊಳ್ಳದೆ, ಪ್ರಾರ್ಥನೆ ಮತ್ತು ದುಡಿಮೆಗಳಲ್ಲಿ ಬಾಳಿದ ಅವರು, ಬ್ರೂಜ್ ನಗರದಲ್ಲಿ 1245ರಲ್ಲಿ ನೆಲೆಗೊಂಡ ವಸತಿಯಲ್ಲಿ ಹಸಿರು ಅಂಗಳದ ಸುತ್ತ ಸಣ್ಣಸಣ್ಣ ಮನೆಗಳನ್ನೂ ಒಂದು ಚರ್ಚನ್ನೂ ಕಟ್ಟಿಕೊಂಡಿದ್ದರು. ಮದುವೆಯಾಗದವರು, ವಿಧವೆಯರು, ವಯಸ್ಸಾದವರು ಅಲ್ಲಿ ಯಾರ ಮನೆಯ ಹೊರೆಯೂ ಆಗದೆ ಕೊನೆಯವರೆಗೂ ಇರಬಹುದಾಗಿತ್ತು. ಇಂಥ 13 ವಸತಿಗಳನ್ನು 1998ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ನಮ್ಮ ಮಠಗಳೂ ದೇವಾಲಯಗಳೂ ಯಾತ್ರಿಕರಿಗಾಗಿ ಕಟ್ಟಿಸುವ ವಸತಿಗೃಹಗಳ ಪಕ್ಕದಲ್ಲಿ ಹೀಗೊಂದು ಅಂಗಳವನ್ನು ಕಟ್ಟಿಸಿ, ಜಾತಿಮತಗಳನ್ನು ಕೇಳದೆ ವೃದ್ಧರಿಗೆ ಬಿಟ್ಟುಕೊಟ್ಟರೆ ಅದಕ್ಕಿಂತ ಮೇಲಾದ ಕೈಂಕರ್ಯ ಯಾವುದಿದೆ?

ಇಷ್ಟಾದರೂ ಇನ್ನೊಂದು ಅಂಶವನ್ನು ಮರೆತರೆ ಎಲ್ಲವೂ ವ್ಯರ್ಥ. ಮುಪ್ಪಿನವರಿಗೆ ಬರಿಯ ಪಡೆಯುವವರಾಗಿ ಇರುವುದರಷ್ಟು ನೋವು ಇನ್ನೊಂದಿಲ್ಲ. ಧೃತರಾಷ್ಟ್ರನಿಗೂ ಯುಧಿಷ್ಠಿರನು ದಾನ ಮಾಡಲು ದ್ರವ್ಯವನ್ನು ಬೇರೆಯಾಗಿ ಇಟ್ಟದ್ದು ಈ ಮರ್ಮವನ್ನು ತಿಳಿದೇ ಇರಬೇಕು. ದಾಸೋಹಕ್ಕೆ ವಯೋಮಿತಿಯಿಲ್ಲ. ಬಂದವನಿಗೆ ಒಂದು ಲೋಟ ಮಜ್ಜಿಗೆ, ನೆರೆಯ ಮಗುವಿಗೆ ಮಗ್ಗಿ, ಬಸುರಿಗೆ ಒಂದು ಮದ್ದಿನ ವಿವರ, ಏನಾದರೊಂದನ್ನು ಕೊಡಲು ಅವಕಾಶವಿರುವ ಜಾಗದಲ್ಲಿ ವೃದ್ಧರನ್ನು ಇರಿಸಬೇಕು. ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' ಕಾದಂಬರಿಯಲ್ಲಿ ಅಜ್ಜಿಯ ಅರಿವು ಅಷ್ಟು ದೂರದ ಕಾಲಗಳನ್ನು ಮುಟ್ಟುತ್ತದಾದರೂ, ಮೊಮ್ಮಗ ಸುಬ್ರಾಯನು ಕೇಳದೆ ಇದ್ದಿದ್ದರೆ ಅದು ಅವಳೊಳಗೇ ಉಳಿದುಹೋಗುತ್ತಿತ್ತು. ಅಡುಗೆಯನ್ನು ಹೊರಗಿನಿಂದ ತರಿಸಿ, ನೆಲವನ್ನು ಇನ್ನೊಬ್ಬರಿಂದ ಒರೆಸಿ, ಹೂವಿನ ಗಿಡಕ್ಕೆ ನೀರು ಹಾಕುವ ಕೆಲಸವನ್ನೂ ಆಳಿಗೆ ಒಪ್ಪಿಸಿ, ಹಿರಿಯರಿಗೆ ಶ್ರಮವಿಲ್ಲದಂತೆ ಮಾಡಿದ್ದೇವೆಂದು ಹೆಮ್ಮೆಪಡುವ ಸುಸಜ್ಜಿತ ವಸತಿಗಳು ಅವರಿಂದ ಕೊಡುವ ಸುಖವನ್ನೇ ಕಸಿದುಕೊಳ್ಳುತ್ತವೆ.

ಆರಿಸುವುದನ್ನು ತಡಮಾಡಬಾರದು. ಕುಂತಿಯು ಹೊರಟದ್ದು ಇನ್ನೊಬ್ಬರ ಕೈಯನ್ನು ಹೆಗಲ ಮೇಲೆ ಹೊರುವ ಶಕ್ತಿ ತನಗಿರುವಾಗ. ಸೊಂಟ ಮುರಿದು ಹಾಸಿಗೆ ಹಿಡಿದ ಮೇಲೆ ಮಕ್ಕಳು ಎತ್ತಿಕೊಂಡು ಹೋಗಿ ಇರಿಸಿದ ಜಾಗ ಎಷ್ಟೇ ಒಳ್ಳೆಯದಾದರೂ ಅದು ಆರಿಸಿಕೊಂಡ ಜಾಗವಲ್ಲ. ಅಲ್ಲಿ ಹೊಸಬರ ಗುರುತು ಮಾಡಿಕೊಳ್ಳುವ ತ್ರಾಣವೂ ಉಳಿದಿರುವುದಿಲ್ಲ. ಅರವತ್ತಕ್ಕೆ ಷಷ್ಟ್ಯಬ್ದಪೂರ್ತಿಯ ಶಾಂತಿಯನ್ನು ಮಾಡಿಸುವ ದಂಪತಿಗಳು ಆ ಹೋಮದ ಮಾರನೆಯ ದಿನವೇ ಕುಳಿತು, ಮುಂದಿನ ಇಪ್ಪತ್ತು ವರ್ಷ ಯಾವ ಬೀದಿಯಲ್ಲಿ, ಯಾರ ಪಕ್ಕದಲ್ಲಿ ಎಂಬುದನ್ನು ಮಾತನಾಡಿಕೊಳ್ಳುವುದು ಆ ಸಂಸ್ಕಾರದ ಅಂಗವೇ ಆಗಬೇಕೆಂದು ನನಗನಿಸುತ್ತದೆ. ಗೆಳೆಯರಿಬ್ಬರು ಮೂವರು ಕೂಡಿ ಒಂದೇ ಬೀದಿಯಲ್ಲಿ ನೆಲಮಹಡಿಯ ಮನೆಗಳನ್ನು ಹಿಡಿಯಬಹುದು. ಖಾಲಿಬಿದ್ದ ಕೋಣೆಗಳನ್ನು ಓದುವ ಹುಡುಗರಿಗೆ ಕಡಮೆ ಬಾಡಿಗೆಗೆ ಕೊಟ್ಟು ಮನೆಯಲ್ಲಿ ಮತ್ತೆ ಕಾಲಸಪ್ಪಳ ಕೇಳುವಂತೆ ಮಾಡಬಹುದು. ಮಕ್ಕಳೊಡನೆಯೇ ಇರುವುದಾದರೆ ಮೂವತ್ತು ನಲವತ್ತರ ನಿವೇಶನದಲ್ಲಿ ಮುಂಭಾಗವನ್ನೆಲ್ಲ ಕಾರಿಗೆ ಬಿಟ್ಟುಕೊಡದೆ ನಾಲ್ಕಡಿ ಅಗಲದ ಕಟ್ಟೆಯೊಂದನ್ನು ಬೀದಿಗೆ ಮುಖಮಾಡಿ ಉಳಿಸಿಕೊಳ್ಳಬಹುದು.

ಜಗಲಿಯವರೆಗೂ ನಡೆಯಲಾರದವರ ಗತಿಯೇನೆಂಬ ಪ್ರಶ್ನೆಗೆ ಜೈನಮಾರ್ಗದಲ್ಲಿ ನನಗೆ ಉತ್ತರ ಸಿಕ್ಕಿದೆ. ದೇಹವನ್ನೇ ಕ್ರಮವಾಗಿ ತ್ಯಜಿಸುವ ಸಲ್ಲೇಖನವು ನಿಸ್ಸಂಗತ್ವದ ಪರಾಕಾಷ್ಠೆ. ಅದನ್ನು ಕೈಕೊಂಡವರ ಸ್ಮಾರಕಗಳು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಇವೆ. ಅಂಥ ಮಹಾಪುರುಷರ ಕಥೆಗಳನ್ನೇ ಕನ್ನಡದ ಆದಿಗದ್ಯಗ್ರಂಥವಾದ ವಡ್ಡಾರಾಧನೆ ಹೇಳುತ್ತದೆ. ಅಂಥ ವ್ರತದಲ್ಲಿಯೂ ಶಾಸ್ತ್ರವು ಸಾಧಕನನ್ನು ಒಬ್ಬಂಟಿಯಾಗಿ ಬಿಡುವುದಿಲ್ಲ. ನಿರ್ಯಾಪಕರೆಂಬ ಸಹಾಯಕರನ್ನು ನೇಮಿಸುತ್ತದೆ. ಅವರಲ್ಲಿ ಮಗ್ಗುಲು ಬದಲಾಯಿಸುವವರು, ಧರ್ಮಕಥೆ ಹೇಳುವವರು, ಬಾಗಿಲಲ್ಲಿ ನಿಂತು ಬಂದವರನ್ನು ವಿಚಾರಿಸುವವರು ಎಂದು ಕೆಲಸಗಳೂ ಹಂಚಿಕೆಯಾಗಿವೆ. ಎಲ್ಲವನ್ನೂ ಬಿಡಹೊರಟವನಿಗೂ ಕೊನೆಯ ಗಳಿಗೆಯವರೆಗೆ ಮನುಷ್ಯರ ಧ್ವನಿ ಬೇಕೆಂದು ಒಪ್ಪಿಕೊಂಡ ಮತವೊಂದು ನಮ್ಮ ನೆಲದಲ್ಲಿಯೇ ಇರುವಾಗ, ಬದುಕಿರಬೇಕೆನ್ನುವ ಸಾಮಾನ್ಯ ವೃದ್ಧರ ಮಂಚವನ್ನು ಮನೆಯ ಕಟ್ಟಕಡೆಯ ಕೋಣೆಗೆ, ಶಬ್ದ ಕೇಳಿಸದ ಮೂಲೆಗೆ, ವಿಶ್ರಾಂತಿಯ ಹೆಸರಿನಲ್ಲಿ ಸಾಗಿಸುವುದನ್ನು ನಾನು ಒಪ್ಪಲಾರೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ನಡುಮನೆಯಲ್ಲಿ ಮಲಗಿಸುತ್ತಿದ್ದರು. ಅಡುಗೆಮನೆಯ ಮಾತೂ ಅಂಗಳದ ಮಾತೂ ಎರಡೂ ಅಲ್ಲಿಗೆ ಕೇಳಿಸುತ್ತಿದ್ದವು, ಒಳಕ್ಕೂ ಹೊರಕ್ಕೂ ಹೋಗುವವರೆಲ್ಲ ಆ ಮಂಚವನ್ನು ಹಾದೇ ಹೋಗಬೇಕಾಗಿತ್ತು. ಹೊಸ ಮನೆಯ ನಕ್ಷೆ ಬರೆಯಿಸುವವರು ಟೆಲಿವಿಷನ್ನಿಗೂ ಸೋಫಾಕ್ಕೂ ಗುರುತು ಹಾಕಿಸುವಾಗ, ಬೀದಿಯ ಕಡೆಯ ಕಿಟಕಿಗೆ ಹೊಂದಿದಂತೆ ಆ ಮಂಚಕ್ಕೂ ಆರಡಿ ಮೂರಡಿಯ ಜಾಗವನ್ನು ಗುರುತಿಸುವಂತೆ ಮೇಸ್ತ್ರಿಗೆ ಈಗಲೇ ಹೇಳಲಿ.